ಪಂಚನಾಮೆಯ ಸಹಿ

ಕಾಂತಪ್ಪನಿಗೆ ಕೆಡುಕಾಗಲಿ ಎಂದು ನಾನು ಎಂಟು ವರ್ಷ ದಿನಾ ಬೆಳಿಗ್ಗೆ ಬೇಡಿಕೊಂಡಿದ್ದೇನೆ. ಸ್ನಾನ ಮಾಡಿ, ದೀಪ ಹಚ್ಚಿ, ಊದಿನಕಡ್ಡಿ ಸಿಕ್ಕಿಸಿ, ಮಡಿಯಲ್ಲೇ ಬೇಡಿಕೊಂಡಿದ್ದೇನೆ. ಹೇಳಲು ನನಗೇನೂ ನಾಚಿಕೆಯಿಲ್ಲ. ಒಳ್ಳೆಯದನ್ನು ಬೇಡುವವರ ಸಾಲು ಉದ್ದ ಇರುತ್ತದೆ, ಕೆಟ್ಟದ್ದನ್ನು ಬೇಡುವವರ ಅರ್ಜಿಯಾದರೂ ಬೇಗ ವಿಲೇವಾರಿ ಆದೀತು ಎಂದುಕೊಂಡಿದ್ದೆ. ಅಲ್ಲಿಯೂ ಎಂಟು ವರ್ಷ ಹಿಡಿಯಿತು.

ನಾನು ಇಂದೂ. ಧಾರವಾಡದ ಮಾಳಮಡ್ಡಿಯವಳು, ಪುಣೆಗೆ ಬಂದು ಇಪ್ಪತ್ತಾರು ವರ್ಷವಾಯಿತು. ಚಿಂಚೆ ಚೌಕದಲ್ಲಿ ಪೊಲೀಸ್ ಚೌಕಿಯ ಎದುರಿಗೆ ನನ್ನ ಝೆರಾಕ್ಸ್ ಅಂಗಡಿ. ಮೊಬೈಲು ಕಳೆದುಕೊಂಡವರು, ಬಾಡಿಗೆದಾರರ ವೆರಿಫಿಕೇಶನ್ ಮಾಡಿಸುವವರು, ಪಾಸ್‌ಪೋರ್ಟಿನವರು, ಗಂಡನ ಕೈಯಲ್ಲಿ ಪೆಟ್ಟು ತಿಂದವರು, ಚೌಕಿಯೊಳಗೆ ಹೋಗುವವರೆಲ್ಲ ಮೊದಲು ನನ್ನಲ್ಲಿಗೆ ಬರುತ್ತಾರೆ. ಅಳುತ್ತ ಬಂದವರಿಗೂ ಕೂಗಾಡುತ್ತ ಬಂದವರಿಗೂ ಒಂದೇ ಮರಾಠಿಯಲ್ಲಿ ಅರ್ಜಿ ಬರೆದುಕೊಡುತ್ತೇನೆ. ರಸ್ತೆಯ ಆಚೆ, ಚೌಕಿಯ ಗೋಡೆಗೆ ಗೋಡೆ ಹಚ್ಚಿ, ಕಾಂತಪ್ಪನ ಹೋಟೆಲು. ಅವನು ಉಡುಪಿ ಕಡೆಯವನು. ಇಡ್ಲಿ ಚೆನ್ನಾಗಿ ಮಾಡುತ್ತಾನೆ, ಅದನ್ನು ಒಪ್ಪಿಕೊಳ್ಳುತ್ತೇನೆ.

ಪೊಲೀಸರು ಏನನ್ನಾದರೂ ಜಪ್ತು ಮಾಡಿದಾಗ ಹೊರಗಿನ ಇಬ್ಬರು ಅದನ್ನು ಕಣ್ಣಾರೆ ನೋಡಿ, ಬರೆದ ಪಂಚನಾಮೆಗೆ ಸಹಿ ಹಾಕಬೇಕು. ಆ ಇಬ್ಬರಿಗೆ ಪಂಚರು ಎನ್ನುತ್ತಾರೆ. ಅವರು ಆ ಭಾಗದ ಪ್ರತಿಷ್ಠಿತ ನಿವಾಸಿಗಳಾಗಿರಬೇಕು ಎನ್ನುತ್ತದೆ ಕಾನೂನು. ಪ್ರತಿಷ್ಠಿತರಿಗೆ ಬಿಡುವಿರುವುದಿಲ್ಲ ಎಂಬುದು ಕಾನೂನು ಬರೆದವರಿಗೆ ಗೊತ್ತಿರಲಿಲ್ಲ. ನಮ್ಮ ಚೌಕಿಯವರು ಅದಕ್ಕೊಂದು ಸುಲಭದ ದಾರಿ ಕಂಡುಕೊಂಡಿದ್ದರು. ಕಾಗದವನ್ನು ಪಕ್ಕದ ಹೋಟೆಲಿಗೆ ಕಳಿಸುವುದು. ಕಾಂತಪ್ಪ ಗಲ್ಲೆಯ ಮೇಲೆ ಕೂತಲ್ಲೇ ಒಂದು ಕೈಯಿಂದ ಬಿಲ್ಲು ಚುಚ್ಚುತ್ತ ಇನ್ನೊಂದು ಕೈಯಿಂದ ಸಹಿ ಹಾಕುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಎಷ್ಟು ಚಾಕು, ಎಷ್ಟು ಗಾಂಜಾ ಪೊಟ್ಟಣ, ಎಷ್ಟು ಕದ್ದ ಸ್ಕೂಟರು ಸಿಕ್ಕಿದ್ದನ್ನು ಅವನು ಹೀಗೆ ‘ಕಣ್ಣಾರೆ’ ಕಂಡಿದ್ದಾನೋ ಅವನಿಗೇ ಗೊತ್ತಿಲ್ಲ. ಅದಕ್ಕೆ ಬದಲಾಗಿ ಫುಟ್‌ಪಾತಿನ ಮೇಲೆ ನಾಲ್ಕು ಟೇಬಲ್ ಹಾಕಿಕೊಂಡರೆ ಯಾರೂ ಕೇಳುತ್ತಿರಲಿಲ್ಲ. ಅದಲ್ಲದೆ, ಹನ್ನೆರಡನೇ ವಯಸ್ಸಿಗೆ ಲೋಟ ತೊಳೆಯಲು ಬಂದವನ ಹೆಸರಿನ ಮುಂದೆ ಸರ್ಕಾರಿ ಕಾಗದದಲ್ಲಿ ‘ಪ್ರತಿಷ್ಠಿತ’ ಎಂದು ಬರೆದರೆ ಅವನ ಎದೆ ಉಬ್ಬುತ್ತಿತ್ತು.

ಎಂಟು ವರ್ಷದ ಹಿಂದೆ ಒಂದು ಬಂದ್ ಆಯಿತು. ಯಾಕಾಯಿತು ಎನ್ನುವುದು ಈಗ ಕರೆ ಕೊಟ್ಟವರಿಗೂ ನೆನಪಿರಲಿಕ್ಕಿಲ್ಲ. ನಮ್ಮ ಚೌಕದಲ್ಲಿ ಸಿಟಿ ಬಸ್ಸಿನ ಗಾಜು ಒಡೆದರು. ಒಡೆದವರು ಓಡಿಹೋದರು. ನನ್ನ ತಮ್ಮ ಪ್ರಣವ ಔಷಧ ಕಂಪನಿಯ ಪ್ರತಿನಿಧಿ. ಸಾಸವಡದಲ್ಲಿ ಡಾಕ್ಟರುಗಳನ್ನು ಕಂಡು, ಟೈ ಕಟ್ಟಿಕೊಂಡು, ಸ್ಯಾಂಪಲ್ಲಿನ ಚೀಲ ಹಿಡಿದು ಬರುತ್ತಿದ್ದ. ಅವನು ಓಡಲಿಲ್ಲ. ತಪ್ಪು ಮಾಡದವನು ಓಡಬಾರದು ಎನ್ನುವುದು ನಮ್ಮ ಮನೆಯಲ್ಲಿ ಕಲಿಸಿದ ಪಾಠ. ಪೊಲೀಸರು ನಿಂತವನನ್ನೇ ಹಿಡಿದರು. ಅವನ ಚೀಲದಲ್ಲಿ ಕಬ್ಬಿಣದ ಸಲಾಕೆ ಸಿಕ್ಕಿತು ಎಂದು ಪಂಚನಾಮೆಯಾಯಿತು. ಒಂದೂವರೆ ಅಡಿಯ ಚೀಲದಲ್ಲಿ ಮೂರಡಿಯ ಸಲಾಕೆ. ಬರೆದವನು ಆಗ ಜಮಾದಾರನಾಗಿದ್ದ ಧುಮಾಳ. ಕೆಳಗೆ ಕಾಂತಪ್ಪನ ಸಹಿ.

ನಾನು ಅವನ ಗಲ್ಲೆಯ ಮುಂದೆ ನಿಂತು ಕೈ ಮುಗಿದೆ. ನಾನು ಅಷ್ಟು ಸುಲಭಕ್ಕೆ ಕೈ ಮುಗಿಯುವವಳಲ್ಲ.

“ಕಾಂತಪ್ಪನವರ, ಅವತ್ತ ನೀವು ಗಲ್ಲೆ ಬಿಟ್ಟು ಎದ್ದಿಲ್ರಿ. ನಾ ಎದುರಿಗೇ ಕೂತೀನಿ, ನೋಡೀನಿ. ಕೋರ್ಟಿನ್ಯಾಗ ಅಷ್ಟ ಹೇಳ್ರಿ, ಸಾಕು.”

“ನೋಡಿ ಇಂದಕ್ಕ, ನಾವು ಹೊರಗಿನಿಂದ ಬಂದವರು. ಪೊಲೀಸರನ್ನು ಎದುರು ಹಾಕಿಕೊಂಡು ಇಲ್ಲಿ ಹೋಟೆಲು ನಡೆಸ್ಲಿಕ್ಕೆ ಆಗ್ತದಾ? ಎರಡು ದಿನದಲ್ಲಿ ಬಿಡ್ತಾರೆ, ಎಂತ ಆಗುದಿಲ್ಲ. ಒಂದು ಕಾಫಿ ಕುಡಿದು ಹೋಗಿ.”

ಕಾಫಿ ಬಂತು. ಅದನ್ನು ಮುಟ್ಟದೆ ಎದ್ದು ಬಂದೆ.

ಅವನ ಎರಡು ದಿನ ಇನ್ನೂರ ಹದಿಮೂರು ದಿನವಾಯಿತು. ಅಷ್ಟು ದಿನ ಪ್ರಣವ ಯೆರವಡಾ ಜೈಲಿನಲ್ಲಿದ್ದ. ಜಾಮೀನು ಅರ್ಜಿ ವಿಚಾರಣೆಗೆ ಬಂದಾಗಲೆಲ್ಲ ಸರ್ಕಾರಿ ವಕೀಲರದು ಒಂದೇ ಮಾತು: ಸ್ವತಂತ್ರ, ಪ್ರತಿಷ್ಠಿತ ಪಂಚರು ನೋಡಿದ್ದಾರೆ. ಆಮೇಲೆ ಐದು ವರ್ಷ ಕೇಸು ನಡೆಯಿತು. ಕಾಂತಪ್ಪ ಸಾಕ್ಷಿಕಟ್ಟೆ ಹತ್ತಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ತಪ್ಪಿಲ್ಲದ ಮರಾಠಿಯಲ್ಲಿ, ತಾನು ಸಲಾಕೆ ಹೊರಬಂದದ್ದನ್ನು ನೋಡಿದೆ ಎಂದು ಹೇಳಿದ. ಕೊನೆಗೆ ನ್ಯಾಯಾಧೀಶರೇ ಚೀಲ ತರಿಸಿ ಅಳತೆ ಮಾಡಿಸಿದರು, ಪ್ರಣವ ಖುಲಾಸೆಯಾದ. ಸುಳ್ಳು ಬರೆದವನಿಗೂ ಸಹಿ ಹಾಕಿದವನಿಗೂ ಒಂದು ನೋಟೀಸೂ ಹೋಗಲಿಲ್ಲ. ಅಷ್ಟರಲ್ಲಿ ಪ್ರಣವನ ಕೆಲಸ ಹೋಗಿತ್ತು, ಬೆಳಗಾವಿಯ ಹುಡುಗಿಯ ಜೊತೆ ಆಗಿದ್ದ ನಿಶ್ಚಯ ಮುರಿದಿತ್ತು. ಈಗ ಮೂವತ್ತನಾಲ್ಕರ ಪ್ರಣವ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಲ್ಯಾಮಿನೇಶನ್ ಮಾಡುತ್ತಾನೆ. ಮಾತು ಕಮ್ಮಿ. ರಸ್ತೆಯಲ್ಲಿ ಡೋಲು ಕೇಳಿದರೆ ಮನೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾನೆ.

ಹೋದ ವರ್ಷದ ಗಣಪತಿ ವಿಸರ್ಜನೆಯ ದಿನವೂ ಅವನು ಮನೆಯಲ್ಲೇ ಇದ್ದ. ಸಂಜೆ ಆರೂಮುಕ್ಕಾಲಿನ ಹೊತ್ತಿಗೆ ಮೆರವಣಿಗೆ ನಮ್ಮ ಚೌಕಕ್ಕೆ ಬಂತು. ಸ್ಪೀಕರಿನ ಸದ್ದಿಗೆ ನನ್ನ ಅಂಗಡಿಯ ಗಾಜು ಅದುರುತ್ತಿತ್ತು. ಪೊಲೀಸರು ಸದ್ದು ನಿಲ್ಲಿಸಿ ಎಂದರು, ಹುಡುಗರು ನಿಲ್ಲಿಸುವುದಿಲ್ಲ ಎಂದರು. ಗುಂಪಿನೊಳಗಿಂದ ಸೋಡಾ ಬಾಟಲಿಯೊಂದು ಹಾರಿ ಬಂದು ಒಬ್ಬ ಹವಾಲ್ದಾರನ ತಲೆ ಒಡೆಯಿತು. ಆ ಕ್ಷಣ ಕಾಂತಪ್ಪನ ಮಗ ಚೇತನ ನನ್ನ ಅಂಗಡಿಯಲ್ಲಿದ್ದ. ಹೋಟೆಲಿನ ಪರವಾನಗಿಯ ಪ್ರತಿ ಮಾಡಿಸಲು ಬಂದಿದ್ದ. ಇಪ್ಪತ್ತಮೂರರ ಹುಡುಗ. ಬಾಟಲಿ ಒಡೆದ ಸದ್ದಿಗೆ ಅವನೇ ನನ್ನ ಶಟರನ್ನು ಅರ್ಧ ಎಳೆದು, “ಅಕ್ಕಾ, ಗಾಜಿನ ಹತ್ರ ನಿಲ್ಬೇಡಿ, ಒಳಗೆ ಬನ್ನಿ” ಎಂದ. ಕಾಲು ಗಂಟೆ ಇಬ್ಬರೂ ಮಶೀನಿನ ಹಿಂದೆ ಕೂತಿದ್ದೆವು. ಗಲ್ಲೆಯ ಮೇಲಿನ ಕ್ಯಾಮೆರಾ ಅದನ್ನೆಲ್ಲ ನೋಡಿದೆ.

ಮರುದಿನ ಬೆಳಿಗ್ಗೆ ಅವನನ್ನು ಹಿಡಿದರು. ಬಾಟಲಿ ಬಂದದ್ದು ಹೋಟೆಲಿನ ಹೊರಗೆ ಇಟ್ಟಿದ್ದ ಕ್ರೇಟಿನಿಂದ, ಹಾಗಾಗಿ ಎಸೆದವನು ಹೋಟೆಲಿನವನು. ಗುಂಪಿನಲ್ಲಿ ಐನೂರು ಜನ ಇದ್ದರು, ಆದರೆ ಮೇಲಿನವರಿಗೆ ಮಧ್ಯಾಹ್ನದೊಳಗೆ ಒಂದು ಹೆಸರು ಬೇಕಿತ್ತು.

ಹನ್ನೊಂದರ ಹೊತ್ತಿಗೆ ಧುಮಾಳ ನನ್ನ ಅಂಗಡಿಗೆ ಬಂದ. ಪ್ರಣವ ಅವತ್ತೂ ಮನೆಯಲ್ಲೇ ಇದ್ದ. ಈ ನಡುವೆ ಬೇರೆ ಬೇರೆ ಕಡೆ ತಿರುಗಿ, ಹೆಗಲಿಗೆ ಎರಡು ನಕ್ಷತ್ರ ಹಚ್ಚಿಕೊಂಡು, ಫೌಜದಾರನಾಗಿ ನಮ್ಮ ಚೌಕಿಗೇ ಮರಳಿದ್ದ. ಕೈಯಲ್ಲಿ ಬೆರಳಚ್ಚು ಮಾಡಿದ ಮೂರು ಹಾಳೆ.

“ತಾಈ, ಪಂಚ ಮ್ಹಣೂನ ಏಕ ಸಹೀ ಪಾಹಿಜೆ,” ಎಂದ.

ಪಂಚಳಾಗಿ ಒಂದು ಸಹಿ ಬೇಕು. ದಿನದ ಪಂಚ ಇವತ್ತು ಆರೋಪಿಯ ಅಪ್ಪ, ಹಾಗಾಗಿ ಕಾಗದ ಈ ಸಲ ರಸ್ತೆ ದಾಟಿ ನನ್ನ ಕಡೆ ಬಂದಿತ್ತು. ನಾನು ಯಾರು, ನನ್ನ ತಮ್ಮ ಯಾರು ಎನ್ನುವುದು ಧುಮಾಳನಿಗೆ ನೆನಪೇ ಇರಲಿಲ್ಲ. ಅದಕ್ಕೆ ಮೊದಲು ಸಿಟ್ಟು ಬಂತು. ಆಮೇಲೆ ಕಾಗದ ಓದಿದೆ. ಆರೋಪಿ ಚೇತನ ತಾನಾಗಿಯೇ ಪೊಲೀಸರನ್ನೂ ಪಂಚರನ್ನೂ ಸಾರ್ವಜನಿಕ ಶೌಚಾಲಯದ ಹಿಂದೆ ಕರೆದೊಯ್ದು, ಇಟ್ಟಿಗೆಯ ರಾಶಿಯಲ್ಲಿ ಅಡಗಿಸಿಟ್ಟ ಒಡೆದ ಬಾಟಲಿಯನ್ನು ತೆಗೆದುಕೊಟ್ಟನಂತೆ. ಸಮಯ ಹತ್ತೂವರೆಯಿಂದ ಹನ್ನೊಂದೂಕಾಲು. ಗೋಡೆಯ ಗಡಿಯಾರದಲ್ಲಿ ಇನ್ನೂ ಹನ್ನೊಂದು ಐದು ಆಗಿತ್ತು.

ಒಂದು ನಿಮಿಷ ಯೋಚಿಸಿದೆ ಎಂದು ಹೇಳಿದರೆ ನನ್ನ ಮರ್ಯಾದೆಗೆ ಒಳ್ಳೆಯದು. ನಿಜ ಹೇಳಬೇಕೆಂದರೆ ಪೆನ್ನಿನ ಮುಚ್ಚಳ ತೆಗೆಯಲು ಎಷ್ಟು ಹೊತ್ತು ಬೇಕೋ ಅಷ್ಟೇ ಹಿಡಿಯಿತು. ಮೂರು ಹಾಳೆಯ ಮೇಲೂ ನನ್ನ ಪೂರ್ಣ ಹೆಸರು ಬರೆದೆ. ಇಷ್ಟು ವರ್ಷ ಬೇಡಿಕೊಂಡದ್ದನ್ನು ದೇವರು ಮನೆ ಬಾಗಿಲಿಗೆ ತಂದು ಕೊಟ್ಟಾಗ ಬೇಡ ಎನ್ನುವಷ್ಟು ದೊಡ್ಡವಳು ನಾನಲ್ಲ.

ಹೊಸ ಕಾನೂನು ಬಂದ ಮೇಲೆ ಜಪ್ತಿಯ ವಿಡಿಯೋ ಕೂಡ ಬೇಕು. ಎರಡು ನಿಮಿಷ ಬನ್ನಿ ಎಂದು ಧುಮಾಳ ನನ್ನನ್ನು ಶೌಚಾಲಯದ ಹಿಂದೆ ಕರೆದೊಯ್ದ. ಒಬ್ಬ ಪೇದೆ ಮೊಬೈಲು ಹಿಡಿದು ನಿಂತಿದ್ದ. ಎರಡನೇ ಪಂಚ ಎಂದು ನಿಲ್ಲಿಸಿದ್ದ ಗುಜರಿಯವನನ್ನು ನಾನು ಮೊದಲು ಎಲ್ಲೂ ಕಂಡಿರಲಿಲ್ಲ. ಇಟ್ಟಿಗೆಯ ಪಕ್ಕ ಚೇತನ. ಕೆಳತುಟಿ ಊದಿಕೊಂಡಿತ್ತು. ನನ್ನನ್ನು ನೋಡಿದ್ದೇ ಅವನ ಮುಖ ಬೆಳಗಿತು.

“ಇಂದಕ್ಕ, ನೀವು ಹೇಳಿ ಇವರಿಗೆ,” ಎಂದ ಕನ್ನಡದಲ್ಲಿ. “ಗಲಾಟೆ ಆಗುವಾಗ ನಾನು ನಿಮ್ಮ ಅಂಗಡಿಯಲ್ಲೇ ಇದ್ದೆ ಅಲ್ವಾ?”

ಅಲ್ಲಿದ್ದವರಲ್ಲಿ ಕನ್ನಡ ಬರುವವಳು ನಾನೊಬ್ಬಳೇ. ಧುಮಾಳ ನನ್ನ ಕಡೆ ತಿರುಗಿ, ಏನು ಹೇಳುತ್ತಾನೆ ಇವನು ಎಂದು ಕೇಳಿದ.

“ಕಾಹೀ ನಾಹೀ,” ಎಂದೆ. “ಆಈಲಾ ಸಾಂಗಾ ಮ್ಹಣತೋಯ.”

ಏನಿಲ್ಲ, ಅಮ್ಮನಿಗೆ ಹೇಳಿ ಅನ್ನುತ್ತಿದ್ದಾನೆ. ಚೇತನ ಪುಣೆಯಲ್ಲೇ ಹುಟ್ಟಿದವನು, ಅವನಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ. ಅವನು ನನ್ನ ಮುಖದಿಂದ ಕಣ್ಣು ತೆಗೆದು ನೆಲ ನೋಡಿದ. ಪೇದೆ ವಿಡಿಯೋ ಶುರು ಮಾಡಿ ಅತ್ತ ನೋಡಿ ಎಂದ. ನಾನು ಇಟ್ಟಿಗೆಯ ರಾಶಿಯನ್ನು ನೋಡಿದೆ.

ಅಂಗಡಿಗೆ ಬಂದು ಶಟರು ಎಳೆದುಕೊಂಡು ಕ್ಯಾಮೆರಾದ ಎರಡು ತುಣುಕು ತೆಗೆದೆ. ಹಿಂದಿನ ಸಂಜೆ ಚೇತನ ಮಶೀನಿನ ಹಿಂದೆ ಕೂತದ್ದು ಒಂದು, ಇವತ್ತು ಹನ್ನೊಂದು ಐದಕ್ಕೆ ಧುಮಾಳ ನನ್ನ ಗಲ್ಲೆಯ ಮೇಲೆ ಸಹಿ ಮಾಡಿಸಿಕೊಂಡದ್ದು ಇನ್ನೊಂದು. ಎರಡನ್ನೂ ಪೆನ್ ಡ್ರೈವಿಗೆ ಹಾಕಿ ದೇವರ ಗೂಡಿನಲ್ಲಿಟ್ಟೆ. ಏನು ಮಾಡಬೇಕೆಂದು ಅಷ್ಟರಲ್ಲಿ ನಿಶ್ಚಯವಾಗಿತ್ತು. ಕಾಂತಪ್ಪನ ಮಗ ಒಳಗೆ ಇನ್ನೂರ ಹದಿಮೂರು ದಿನ ಇರಬೇಕು. ಒಂದು ದಿನ ಕಮ್ಮಿಯೂ ಬೇಡ, ಜಾಸ್ತಿಯೂ ಬೇಡ. ಆಮೇಲೆ ನಾನೇ ಹೋಗಿ ಬಿಡಿಸುತ್ತೇನೆ, ಅದೇ ಪೆಟ್ಟಿಗೆ ಧುಮಾಳನನ್ನೂ ಕೆಡವುತ್ತೇನೆ.

ಮೂರನೇ ದಿನ ಕಾಂತಪ್ಪ ಹೆಂಡತಿ ಪ್ರೇಮಾವತಿಯನ್ನು ಕರೆದುಕೊಂಡು ಬಂದ. ವಕೀಲರು ನನ್ನ ಕ್ಯಾಮೆರಾದ ವಿಡಿಯೋ ಕೇಳಿದ್ದರಂತೆ.

“ಅವತ್ತ ಮೆರವಣಿಗಿ ಸಲುವಾಗಿ ಕರೆಂಟ್ ತಗದಿದ್ರಲ್ರಿ, ಕ್ಯಾಮೆರಾ ಬಂದ್ ಇತ್ತು,” ಎಂದೆ.

“ವಿಡಿಯೋ ಬೇಡ ಇಂದಕ್ಕ. ನೀವು ಒಂದು ಮಾತು ಹೇಳಿದ್ರೆ ಸಾಕು. ಅವ ಇಲ್ಲೇ ಇದ್ದ ಅಂತ.”

“ನಾವೂ ಹೊರಗಿನವರ ಕಾಂತಪ್ಪನವರ. ಪೊಲೀಸರನ್ನ ಎದುರು ಹಾಕ್ಕೊಂಡು ಇಲ್ಲೆ ಅಂಗಡಿ ನಡಸೂದು ಆಗ್ತದೇನ್ರಿ? ಕೂಡ್ರಿ, ಚಹಾ ಕುಡದ ಹೋಗ್ರಿ.”

ಅವನು ತಲೆ ತಗ್ಗಿಸಿದ. ಪ್ರೇಮಾವತಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಅವರು ಹೋದ ಮೇಲೆ ಆ ಚಹಾವನ್ನು ನಾನೇ ಕುಡಿದೆ, ಭಾಳ ರುಚಿ ಇತ್ತು.

ಇದೆಲ್ಲ ನಾನು ಎಣಿಸಿದ ಹಾಗೆಯೇ ನಡೆಯುತ್ತಿತ್ತು, ಪ್ರಣವನ ವಿಷಯ ಒಂದನ್ನು ಬಿಟ್ಟು. ಒಂದು ದಿನ ಬ್ಯಾಂಕಿನಿಂದ ಬರುತ್ತೇನೆ, ಪ್ರೇಮಾವತಿ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಾಳೆ, ಪ್ರಣವ ಅವಳಿಗೆ ಜೈಲಿನ ಭೇಟಿಯ ಕ್ರಮ ಹೇಳಿಕೊಡುತ್ತಿದ್ದಾನೆ. ವಾರಗಟ್ಟಲೆ ನಾಲ್ಕು ಮಾತಾಡದವನು.

“ಎಂಟಕ್ಕಿಂತ ಮೊದಲ ಹೋಗಿ ಪಾಳಿ ಹಚ್ಚರಿ. ಆಧಾರ್ ಕಾರ್ಡ್ ಮರೀಬ್ಯಾಡ್ರಿ. ಗಾಜಿನ ಈಚಿಂದ ಫೋನ್ ಮ್ಯಾಲ ಮಾತಾಡೋವಾಗ ಅಳಬ್ಯಾಡ್ರಿ, ಇದ್ದ ಹತ್ತು ನಿಮಿಷ ಅದರಾಗ ಹೋಗ್ತದ. ಮನಿ ಸುದ್ದಿ ಹೇಳ್ರಿ. ಏನ್ ಅಡಗಿ ಮಾಡಿದ್ರಿ ಅಂತ ಹೇಳ್ರಿ. ಅವಗ ಅದು ಬೇಕಾಗಿರ್ತದ.”

ಅವಳು ಹೋದ ಮೇಲೆ ನಾನು ಉರಿದುಬಿದ್ದೆ.

“ಅಕಿ ಗಂಡನ ಸಹಿಯಿಂದ ನೀ ಒಳಗ ಹೋದಿ. ಅಕಿಗೆ ಪಾಠ ಹೇಳತೀಯೇನು?”

“ಆ ಹುಡುಗ ಏನ ಮಾಡ್ಯಾನ ಅಕ್ಕಾ?” ಎಂದ. “ಅವತ್ತ ಅವ ನಮ್ಮ ಅಂಗಡ್ಯಾಗ ಇದ್ದನಂತ. ಅವರವ್ವ ಹೇಳತಾಳ. ಖರೆ ಏನು?”

“ಬಂದಿರಲಿಲ್ಲ,” ಎಂದೆ. ಅವನು ನಂಬಿದ. ನಾನು ಅವನಿಗೆ ಸುಳ್ಳು ಹೇಳಿದ್ದು ಅದೇ ಮೊದಲು.

ಚೇತನನ ಜಾಮೀನು ಅರ್ಜಿ ಮೊದಲ ಸಲ ತಿರಸ್ಕಾರವಾಯಿತು, ಎರಡನೇ ಸಲವೂ ಆಯಿತು. ಎರಡನೇ ಸಲ ನಾನು ಶಿವಾಜಿನಗರದ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನ ಮೇಲೆ ಕೂತಿದ್ದೆ. ಸ್ವತಂತ್ರ, ಪ್ರತಿಷ್ಠಿತ ಪಂಚರು ನೋಡಿದ್ದಾರೆ ಎಂದು ಸರ್ಕಾರಿ ವಕೀಲರು ಹೇಳಿದರು. ಈಗ ಆ ಪ್ರತಿಷ್ಠಿತಳು ನಾನು. ಮುಂದಿನ ಬೆಂಚಿನಲ್ಲಿ ಕಾಂತಪ್ಪನ ಬೆನ್ನು ಕುಗ್ಗಿದ್ದು ಕಂಡಿತು. ಹೊಟ್ಟೆ ತಣ್ಣಗಾಯಿತು. ದೀಪಾವಳಿಗೆ ಅವರ ಮನೆಯಲ್ಲಿ ಹಣತೆ ಇಡಲಿಲ್ಲ. ನಾನು ನಮ್ಮ ಬಾಗಿಲಿಗೆ ಪ್ರತಿ ವರ್ಷಕ್ಕಿಂತ ಎರಡು ಹೆಚ್ಚು ಇಟ್ಟೆ. ಹೋಟೆಲಿನ ಫುಟ್‌ಪಾತಿನ ಟೇಬಲುಗಳು ಒಳಗೆ ಹೋದವು. ಕಾಂತಪ್ಪ ಗಲ್ಲೆಯ ಮೇಲೆ ಕೂತು ಗಿರಾಕಿಗೆ ಎರಡೆರಡು ಸಲ ಬಿಲ್ಲು ಕೇಳುತ್ತಿದ್ದ. ಚೌಕಿಯವರು ಈಗ ಸಹಿಗೆ ಅವನ ಕಡೆ ಹೋಗುತ್ತಿರಲಿಲ್ಲ. ನಾನು ದಿನಾ ಸಂಜೆ ಕ್ಯಾಲೆಂಡರಿನ ಮೇಲೆ ಗೆರೆ ಎಳೆಯುತ್ತಿದ್ದೆ.

ಇನ್ನೂರ ಹದಿಮೂರನೇ ದಿನ ಬೆಳಿಗ್ಗೆ ಗೂಡಿನಿಂದ ಪೆನ್ ಡ್ರೈವ್ ತೆಗೆದು ವಕೀಲ ಬಿಂದುಮಾಧವರ ಆಫೀಸಿಗೆ ಹೋದೆ. ಧಾರವಾಡದವರೇ, ಪ್ರಣವನ ಕೇಸು ನಡೆಸಿದವರು. ಎರಡೂ ತುಣುಕು ನೋಡಿ ಕನ್ನಡಕ ತೆಗೆದಿಟ್ಟರು.

“ಪಂಚನಾಮಾಕ್ಕ ಸುಳ್ಳು ಸಹಿ ಮಾಡೀನಿ ಅಂತ ನೀವ ಒಪ್ಪಿಕೊಂಡಂಗ ಆಗ್ತದ್ರೀ. ನಿಮ್ಮ ಮ್ಯಾಲೂ ಕೇಸ್ ಆಗಬಹುದು.”

“ಆಗಲಿ ಬಿಡ್ರಿ.”

“ಇಷ್ಟು ದಿನ ಯಾಕ ಸುಮ್ಮನಿದ್ರಿ?”

“ಅಂಜಿಕಿರೀ,” ಎಂದೆ.

ಅವರು ಮುಂದೆ ಕೇಳಲಿಲ್ಲ. ಅವತ್ತೇ ಮಧ್ಯಾಹ್ನ ನನ್ನ ಹೇಳಿಕೆ ಬರೆದುಕೊಂಡ ಮ್ಯಾಜಿಸ್ಟ್ರೇಟರೂ ಕೇಳಲಿಲ್ಲ. ಒಬ್ಬಳೇ ಹೆಂಗಸು, ಚೌಕಿಯ ಎದುರಿಗೆ ಅಂಗಡಿ, ಪೊಲೀಸರಿಗೆ ಹೆದರಿ ಏಳು ತಿಂಗಳು ಬಾಯಿ ಮುಚ್ಚಿಕೊಂಡಿದ್ದಳು ಎಂದರೆ ಈ ದೇಶದಲ್ಲಿ ಯಾರೂ ಅದಕ್ಕೆ ಪುರಾವೆ ಕೇಳುವುದಿಲ್ಲ. ಧುಮಾಳ ಅಮಾನತ್ತಾದ. ಚೌಕಿಯ ಹಲಗೆಯಿಂದ ಅವನ ಹೆಸರು ಅಳಿಸುವಾಗ ನಾನು ಬಾಗಿಲಿಗೆ ಬಂದು ನಿಂತು ಪೂರ್ತಿ ನೋಡಿದೆ. ಚೇತನನಿಗೆ ಜಾಮೀನಾಯಿತು. ಆದರೆ ಆದೇಶದ ಪ್ರತಿ, ಜಾಮೀನುದಾರರ ಪರಿಶೀಲನೆ, ನಡುವೆ ಎರಡು ರಜೆ ಎಂದು ಅವನು ಹೊರಗೆ ಬರಲು ನಾನು ಹೇಳಿಕೆ ಕೊಟ್ಟ ದಿನದಿಂದ ಇನ್ನೂ ಒಂಬತ್ತು ದಿನ ಹಿಡಿಯಿತು. ಇಪ್ಪತ್ತಾರು ವರ್ಷ ಅರ್ಜಿ ಬರೆದವಳಿಗೆ ಅದು ಮೊದಲೇ ತಿಳಿಯಬೇಕಿತ್ತು.

ಅವನು ಬಂದ ಮರುದಿನ ಮಧ್ಯಾಹ್ನ ಮೂವರೂ ನನ್ನ ಅಂಗಡಿಗೆ ಬಂದರು. ಕಾಂತಪ್ಪನ ಕೈಯಲ್ಲಿ ಬಾಳೆಹಣ್ಣು, ತೆಂಗಿನಕಾಯಿ. ಚೇತನ ಬಾಗಿಲ ಹತ್ತಿರವೇ ನಿಂತ. ಗೋಡೆಗೆ ಬೆನ್ನು ಹಚ್ಚಿ, ನೆಲ ನೋಡುತ್ತ ನಿಂತ. ಹಾಗೆ ನಿಲ್ಲುವ ಇನ್ನೊಬ್ಬನನ್ನು ನಾನು ದಿನಾ ನೋಡುತ್ತೇನೆ. ಹಿಂದಿನ ಕೋಣೆಯಲ್ಲಿ ಲ್ಯಾಮಿನೇಶನ್ ಮಶೀನಿನ ಸದ್ದು ನಿಂತಿತು. ಪ್ರಣವ ಪರದೆ ಸರಿಸಿ ಹೊರಗೆ ಬಂದ.

ಕಾಂತಪ್ಪ ಹಣ್ಣುಕಾಯಿಯನ್ನು ಗಲ್ಲೆಯ ಮೇಲಿಟ್ಟು ಕೈ ಮುಗಿದ.

“ಇಂದಕ್ಕ, ಹೆದರಿಕೆ ಅಂದ್ರೆ ಎಂತದ್ದು ಅಂತ ನನಗೆ ಗೊತ್ತುಂಟು. ಅವತ್ತು ನೀವು ಹೇಳಿದ್ದು ನನ್ನದೇ ಮಾತು. ಆದ್ರೆ ನೀವು ಆ ಹೆದರಿಕೆಯನ್ನು ದಾಟಿದ್ರಿ. ನನ್ನಿಂದ ಎಂಟು ವರ್ಷದಲ್ಲಿ ಆಗ್ಲಿಲ್ಲ.” ಪ್ರಣವನ ಕಡೆ ತಿರುಗಿದ. “ನಾನು ನೋಡಿರಲಿಲ್ಲ ಪ್ರಣವ. ಸಲಾಕೆಯೂ ನೋಡಿಲ್ಲ, ಚೀಲವೂ ನೋಡಿಲ್ಲ. ಎಲ್ಲಿ ಬೇಕಾದ್ರೂ ಬರೆದು ಕೊಡ್ತೇನೆ.”

ನಾನು ಎಂಟು ವರ್ಷ ಕಾದಿದ್ದ ಮಾತು ಅದು. ಅದನ್ನು ಅವನು ಕೃತಜ್ಞತೆಯಿಂದ ಹೇಳುತ್ತಿದ್ದ. ನನ್ನನ್ನು ಒಳ್ಳೆಯವಳು ಎಂದುಕೊಂಡು, ನನ್ನ ಮುಂದೆ ತೆಂಗಿನಕಾಯಿ ಇಟ್ಟು ಹೇಳುತ್ತಿದ್ದ. ಅದು ನನಗೆ ಬೇಕಿರಲಿಲ್ಲ. ತನಗೆ ಹೊಡೆದವರು ಯಾರು ಎನ್ನುವುದೇ ಅವನಿಗೆ ಗೊತ್ತಾಗದಿದ್ದರೆ ಇಷ್ಟು ದಿನ ನಾನು ಮಾಡಿದ್ದೆಲ್ಲ ದಂಡವಾಗುತ್ತಿತ್ತು.

“ಕಾಂತಪ್ಪನವರ, ನನ್ನ ತಮ್ಮ ಒಳಗ ಎಷ್ಟು ದಿನ ಇದ್ದ, ಗೊತ್ತದೇನ್ರಿ?”

ಅವನು ತಡವರಿಸಿದ. “ಐದಾರು ತಿಂಗಳು ಇರ್ಬೇಕು.”

“ಇನ್ನೂರ ಹದಿಮೂರು ದಿನ. ನಾ ಕೋರ್ಟಿಗೆ ಹೋದ ದಿವಸ ನಿಮ್ಮ ಮಗ ಒಳಗ ಹೋಗಿ ಎಷ್ಟು ದಿನ ಆಗಿತ್ತು? ಇನ್ನೂರ ಹದಿಮೂರು. ವಿಡಿಯೋ ನನ್ನ ಕಡೆ ಮೊದಲನೇ ದಿನದಿಂದ ಇತ್ತು. ನನಗ ಅಂಜಿಕಿ ಇರಲಿಲ್ಲ. ನಾ ಎಣಿಸಿಕೋತ ಕೂತಿದ್ದೆ.”

ಕಾಂತಪ್ಪನ ಮುಗಿದ ಕೈ ಹಾಗೇ ಇತ್ತು. ಮಾತು ಅವನ ತಲೆಗೆ ಇಳಿಯಲು ಹೊತ್ತು ಹಿಡಿಯಿತು. ಪ್ರೇಮಾವತಿಗೆ ಮೊದಲೇ ಇಳಿದಿತ್ತು.

“ಇನ್ನೂರ ಇಪ್ಪತ್ತೆರಡು,” ಎಂದಳು. “ನಾನೂ ಎಣಿಸಿದ್ದೇನೆ.”

ಅವಳು ಗಲ್ಲೆಯ ಮೇಲಿನ ಹಣ್ಣುಕಾಯಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಮಗನ ರಟ್ಟೆ ಹಿಡಿದು ಇಳಿದು ಹೋದಳು. ಕಾಂತಪ್ಪ ಮುಗಿದ ಕೈ ಇಳಿಸಿ, ನನ್ನನ್ನು ನೋಡಿ, ಅವರ ಹಿಂದೆ ಹೋದ. ಆ ಮುಖವನ್ನು ನೋಡಲು ನಾನು ಎಂಟು ವರ್ಷ ದೀಪ ಹಚ್ಚಿದ್ದೆ. ಉಪವಾಸ ಮುಗಿಸಿ ಊಟಕ್ಕೆ ಕೂತಷ್ಟು ಸುಖವಾಯಿತು, ಸುಳ್ಳು ಹೇಳುವುದಿಲ್ಲ.

“ಅಕ್ಕಾ,” ಎಂದ ಪ್ರಣವ. ಅವನು ಇನ್ನೂ ಪರದೆಯ ಹತ್ತಿರವೇ ನಿಂತಿದ್ದ. “ನಾ ಕೇಳಿದಾಗ ಅವ ಬಂದಿರಲಿಲ್ಲ ಅಂದಿ. ಅಂಜಿ ಹಂಗ ಅಂದಿದ್ದಿ ಅಂತ ತಿಳದಿದ್ದೆ.”

“ಅಂದೆ. ನಿನ್ನ ಸಲುವಾಗಿ ಮಾಡೀನಿ ಪ್ರಣವಾ.”

“ನನ್ನ ಸಲುವಾಗಿ ಅನಬ್ಯಾಡ.” ಅವನ ದನಿ ಏರಲಿಲ್ಲ. “ಒಳಗ ಇದ್ದಾಗ ನನಗ ಧುಮಾಳನ ಮ್ಯಾಲ ಅಷ್ಟ ಸಿಟ್ಟು ಬರತಿರಲಿಲ್ಲ. ಬಡಿಯೋದು ಅವನ ನೌಕರಿ. ನಾ ವಿಚಾರ ಮಾಡತಿದ್ದದ್ದು ಬ್ಯಾರೆ. ಹೊರಗ ಒಬ್ಬರಿಗೆ ಖರೆ ಗೊತ್ತದ. ಅವರು ಮುಂಜಾನೆ ಎದ್ದು ಚಹಾ ಕುಡೀತಾರ, ಅಂಗಡಿ ತಗೀತಾರ, ಗಿರಾಕಿ ಜೋಡಿ ನಗತಾರ, ಮನಿಗೆ ಹೋಗಿ ಮಲಗತಾರ. ಹ್ಯಾಂಗ ಮಲಗತಾರ ಅಂತ. ಕಾಂತಪ್ಪಂದು ಬಿಡು, ಅವ ಅಂಜುಬುರುಕ. ಅಂಜಿಕಿನೂ ಇಲ್ದ ಹಂಗ ಕೂಡೂ ಮನಶ್ಯಾ ಇದ್ದರ, ಅವರ ಮಾರಿ ಒಮ್ಮೆ ಹತ್ತರಿಂದ ನೋಡಬೇಕು ಅಂತ ಭಾಳ ಅನಸ್ತಿತ್ತು.”

ಅಷ್ಟು ಹೇಳಿ ಅವನು ಸ್ಟೂಲು ಎಳೆದುಕೊಂಡು ಬಂದು ನನ್ನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತ. ಕೂತು ನನ್ನ ಮುಖ ನೋಡತೊಡಗಿದ. ಎಂಟು ವರ್ಷದಲ್ಲಿ ಅವನು ಯಾರ ಮುಖವನ್ನೂ ಅಷ್ಟು ಹೊತ್ತು ನೋಡಿರಲಿಲ್ಲ. ಒಬ್ಬ ಹೆಂಗಸು ಬಂದು ಆಧಾರ್ ಕಾರ್ಡಿನ ಎರಡು ಪ್ರತಿ ಬೇಕು ಎಂದಳು, ಮತ್ತೊಮ್ಮೆ ಕೇಳಿದಳು, ಕಾದಳು, ಹೋದಳು. ನಾನು ಏಳಲಿಲ್ಲ. ಅವನು ಇನ್ನೂ ನೋಡುತ್ತಿದ್ದ.